ಎಣ್ಣೆಗೂ ನೆಂಟ, ನೀರಿಗೂ ನೆಂಟ

ಬೆಂಗಳೂರಿನ ಹುಡುಗರು ಮದ್ಯಕ್ಕೆ ‘ಎಣ್ಣೆ’ ಅನ್ನುತ್ತಾರೆ. ಸಂಜೆ ಎಣ್ಣೆ ಇದೆಯಾ ಎಂದು ಗೆಳೆಯ ಫೋನಿನಲ್ಲಿ ಕೇಳಿದರೆ ಅವನ ಮನೆಯಲ್ಲಿ ಕಡಲೆಕಾಯಿ ಎಣ್ಣೆ ತೀರಿಹೋಗಿದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ತಮಾಷೆಗೆ ಹುಟ್ಟಿದ ಈ ಅಡ್ಡಹೆಸರನ್ನು ರಸಾಯನಶಾಸ್ತ್ರದ ಮೇಷ್ಟರು ತಿದ್ದಲು ಕೂತರೆ ಪೂರ್ತಿ ಸೊನ್ನೆ ಹಾಕಲಾರರು. ಅರ್ಧ ಅಂಕವನ್ನಾದರೂ ಕೊಡಬೇಕಾಗುತ್ತದೆ.

ಆ ಅರ್ಧ ಅಂಕದ ಕಥೆ ನನ್ನ ಅಡುಗೆಮನೆಯ ಗೂಡಿನಲ್ಲಿದೆ. ಒಂದು ಗಾಜಿನ ಜಾಡಿ, ಅದರಲ್ಲಿ ಅಳೆದು ಸುರಿದ 500 ಮಿಲಿಲೀಟರ್ ವಿಸ್ಕಿ, 300 ಗ್ರಾಂ ಅನಾನಸ್ ಹೋಳು, ಒಂದು ಕೊಡಗಿನ ಕಿತ್ತಳೆಯ ಸಿಪ್ಪೆ. ಒಲೆಯಿಲ್ಲ, ಮಿಕ್ಸಿಯಿಲ್ಲ. ನಾಲ್ಕು ದಿನ ಸುಮ್ಮನೆ ಇಟ್ಟರೆ ಸಾಕು, ಜಾಡಿಯ ಬಣ್ಣ, ವಾಸನೆ, ರುಚಿ ಎಲ್ಲ ಬೇರೆ. ಬಾರುಗಳಲ್ಲಿ ಇದರ ಹೆಸರು ಇನ್‌ಫ್ಯೂಷನ್; ನಮ್ಮಲ್ಲಿ ನೆನೆಹಾಕುವುದು ಎಂದರೆ ಮುಗಿಯಿತು.

ನಮ್ಮ ಅಡುಗೆಯಲ್ಲಿ ರುಚಿ ಹೊರಡಿಸಲು ಎರಡು ದಾರಿಗಳಿವೆ. ಒಂದು ನೀರಿನದು. ಶುಂಠಿ ಕುದಿಸಿ ಕಷಾಯ ಮಾಡುತ್ತೇವೆ, ಹುಣಸೆಹಣ್ಣು ನೆನೆಸಿ ಕಿವುಚುತ್ತೇವೆ. ಇನ್ನೊಂದು ಎಣ್ಣೆಯದು, ಅಂದರೆ ಒಗ್ಗರಣೆ. ಹುಳಿ, ಸಿಹಿ, ಉಪ್ಪು ನೀರಿಗೆ ಒಲಿಯುತ್ತವೆ. ಇಂಗು, ಕರಿಬೇವು, ಒಣಮೆಣಸಿನಕಾಯಿಗಳ ಘಮ ನೀರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಕುದಿಯುವ ಸಾರಿಗೆ ನೇರವಾಗಿ ಉದುರಿಸಿದ ಇಂಗು ಮಂಕಾಗಿ ಕೂರುತ್ತದೆ. ಅದೇ ಇಂಗು ಬಿಸಿ ಎಣ್ಣೆಗೆ ಬಿದ್ದರೆ ಪಕ್ಕದ ಮನೆಗೂ ಸುದ್ದಿ ಮುಟ್ಟುತ್ತದೆ. ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವವರು ಸಿಪ್ಪೆಯನ್ನು ಮೊದಲು ಎಣ್ಣೆಯಲ್ಲಿ ಬಾಡಿಸಿ ಆಮೇಲೆ ಹುಣಸೆರಸ, ಬೆಲ್ಲ ಹಾಕುತ್ತಾರಲ್ಲ, ಅಲ್ಲಿ ಎರಡೂ ದಾರಿಗಳು ಒಂದಾದ ಮೇಲೊಂದು ಬರುತ್ತವೆ.

ಹಣ್ಣಿನಲ್ಲೂ ಇದೇ ಎರಡು ಪಂಗಡ. ಅನಾನಸಿನ ಸಕ್ಕರೆ ಮತ್ತು ಸಿಟ್ರಿಕ್ ಆಮ್ಲ ನೀರಿನ ಕಡೆ. ಹತ್ತು ಅಡಿ ದೂರದಿಂದಲೇ ಇದು ಅನಾನಸ್ ಎಂದು ಹೇಳಿಬಿಡುವ ಪರಿಮಳದ ಅಣುಗಳು ಹೆಚ್ಚಾಗಿ ಎಸ್ಟರುಗಳು, ಅವುಗಳ ಒಲವು ಎಣ್ಣೆಯ ಕಡೆ. ಕಿತ್ತಳೆ ಸಿಪ್ಪೆಯ ಲಿಮೋನೀನ್ ಅಂತೂ ಅಪ್ಪಟ ಎಣ್ಣೆ. ಸಿಪ್ಪೆಯನ್ನು ಮಡಿಸಿ ದೀಪದ ಕುಡಿಯತ್ತ ಚಿಮ್ಮಿಸಿ ಪಟಪಟ ಉರಿಸುವ ಆಟ ಆಡದ ಮಕ್ಕಳು ಕಡಿಮೆ.

ಎರಡೂ ಪಂಗಡವನ್ನು ಒಟ್ಟಿಗೆ ಕರೆತರುವುದು ಎಥನಾಲ್, ಅಂದರೆ ಮದ್ಯಸಾರ. ಪುಟ್ಟ ಅಣು ಅದು: ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ. ಅದರ ಒಂದು ತುದಿಯಲ್ಲಿ ಆಮ್ಲಜನಕ ಮತ್ತು ಜಲಜನಕದ ಜೋಡಿ ಇದೆ, ಅದು ನೀರಿನ ಅಣುಗಳ ಕೈ ಹಿಡಿಯುತ್ತದೆ. ಇನ್ನೊಂದು ತುದಿ ಇಂಗಾಲ, ಜಲಜನಕದ ತುಂಡು ಸರಪಳಿ. ಎಣ್ಣೆಯ ಅಣುವಿನದೂ ಇದೇ ಸರಪಳಿ, ಉದ್ದ ಮಾತ್ರ ಹೆಚ್ಚು. ಹಾಗಾಗಿ ಮದ್ಯಸಾರ ಎರಡೂ ಮನೆಗೆ ನೆಂಟ. ಪರಸ್ಪರ ಆಗದವರನ್ನು ನಾವು ಎಣ್ಣೆ-ಸೀಗೆಕಾಯಿ ಅನ್ನುತ್ತೇವೆ. ಪಾಪ, ಸೀಗೆಕಾಯಿಯಲ್ಲಿರುವ ಸಪೋನಿನ್ ಅಣುವಿಗೂ ಹೀಗೆಯೇ ಎರಡು ಮುಖ. ಅದು ಎಣ್ಣೆಯೊಂದಿಗೆ ಜಗಳಕ್ಕೆ ನಿಲ್ಲುವುದಿಲ್ಲ, ಎಣ್ಣೆಯನ್ನು ತಬ್ಬಿಕೊಂಡು ನೀರಿನ ಜೊತೆ ಹೊರಟುಬಿಡುತ್ತದೆ.

ಆಯುರ್ವೇದದ ವೈದ್ಯರು ಈ ನೆಂಟಸ್ತಿಕೆಯನ್ನು ಬಹಳ ಹಿಂದೆಯೇ ದುಡಿಸಿಕೊಂಡಿದ್ದರು. ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟದ ಬಾಟಲಿಯನ್ನು ತಿರುಗಿಸಿ ಓದಿ, ತಾನಾಗಿ ಹುಟ್ಟಿದ ಮದ್ಯಸಾರ ಶೇ. 5ರಿಂದ 10 ಎಂದು ಬರೆದಿರುತ್ತದೆ. ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಸೇರಿಸಿ ಮುಚ್ಚಿಟ್ಟಾಗ ಹುದುಗಿ ಹುಟ್ಟುವ ಮದ್ಯ ಅದು. ನೀರಿಗೆ ಬಗ್ಗದ ಮೂಲಿಕೆಯ ಅಂಶಗಳನ್ನು ಎಳೆಯುವುದೂ ಅದೇ, ಔಷಧ ಕೆಡದಂತೆ ಕಾಯುವುದೂ ಅದೇ.

ಇನ್ನು ವಿಸ್ಕಿ. ಹಣ್ಣು ನೆನೆಹಾಕಿ ವಿಸ್ಕಿಯ ಅಸಲು ರುಚಿ ಕೆಡಿಸುತ್ತೀರಿ ಎಂದು ಗೊಣಗುವ ರಸಿಕರು ಎಲ್ಲ ಕೂಟದಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ ನನ್ನ ಉತ್ತರ ಒಂದೇ: ವಿಸ್ಕಿಯೇ ನೆನೆಹಾಕಿದ ಪದಾರ್ಥ, ಹಣ್ಣಿನ ಬದಲು ಮರ, ಅಷ್ಟೇ. ಭಟ್ಟಿಯಿಂದ ಇಳಿದಾಗ ಅದು ನೀರಿನಷ್ಟೇ ತಿಳಿ. ಸ್ಕಾಚ್ ಅನ್ನಿಸಿಕೊಳ್ಳಲು 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂರಬೇಕು. ಬೆಂಕಿ ತಾಗಿಸಿದ ಓಕ್ ಹಲಗೆಯ ಲಿಗ್ನಿನ್ ಒಡೆದು ವೆನಿಲಾದ ಪರಿಮಳದ ವೆನಿಲಿನ್ ಆಗುತ್ತದೆ, ಹೊಗೆಯ ವಾಸನೆಯ ಗ್ವಾಯಕಾಲ್ ಆಗುತ್ತದೆ. ಓಕ್‌ನಲ್ಲೇ ಇರುವ ಒಂದು ಲ್ಯಾಕ್ಟೋನ್ ತೆಂಗಿನಕಾಯಿಯ ನೆನಪು ತರುತ್ತದೆ. ಇವೆಲ್ಲವನ್ನೂ ಮರದಿಂದ ಹೀರಿ ತರುವುದು ಮತ್ತದೇ ಎರಡು ಮುಖದ ಅಣು.

ಹವೆ ಬಿಸಿಯಿದ್ದಷ್ಟೂ ಈ ಹೀರುವಿಕೆ ಚುರುಕು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅವರ ವಿಸ್ಕಿ ಸ್ಕಾಚಿಗಿಂತ ಬಹಳ ಬೇಗ ಹದಕ್ಕೆ ಬರುತ್ತದೆ, ಅದಕ್ಕೆ ದಂಡವನ್ನೂ ತೆರುತ್ತದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಇಲ್ಲಿ ಶೇ. 10ರ ಆಸುಪಾಸು. ಹೀಗೆ ಆವಿಯಾದದ್ದನ್ನು ಅಲ್ಲಿನವರು ದೇವದೂತರ ಪಾಲು ಅನ್ನುತ್ತಾರೆ. ನಮ್ಮ ದೇವದೂತರಿಗೆ ಬಾಯಾರಿಕೆ ಹೆಚ್ಚು.

ನೆನೆಹಾಕಲು ಸಿಂಗಲ್ ಮಾಲ್ಟ್ ಬೇಕಿಲ್ಲ, ಅದನ್ನು ಹಣ್ಣಿಗೆ ಸುರಿಯುವುದು ದುಂದು ಅನ್ನುವವರ ಪಕ್ಷಕ್ಕೆ ಈ ಒಂದು ವಿಷಯದಲ್ಲಿ ನಾನೂ ಸೇರುತ್ತೇನೆ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ವಿಸ್ಕಿಯ ಮೂಲ ಕಬ್ಬಿನ ಕಾಕಂಬಿ. ಯುರೋಪಿಯನ್ ಒಕ್ಕೂಟದ ಕಾನೂನು ಅದನ್ನು ವಿಸ್ಕಿ ಎಂದು ಕರೆಯಲು ಬಿಡುವುದಿಲ್ಲ. ಹಣ್ಣಿಗೆ ಆ ತಕರಾರಿಲ್ಲ. ಹಣ್ಣು ನೋಡುವುದು ಚೀಟಿಯ ಮೇಲಿನ ಒಂದೇ ಸಂಖ್ಯೆಯನ್ನು: ಶೇ. 42.8. ಈ ವಿಚಿತ್ರ ದಶಾಂಶ ಬಂದದ್ದು ಬ್ರಿಟಿಷರ ಮದ್ದಿನಪುಡಿಯಿಂದ. ಮದ್ಯದಲ್ಲಿ ತೋಯಿಸಿದ ಕೋವಿಮದ್ದು ಆಗಲೂ ಹೊತ್ತಿಕೊಂಡರೆ ಮದ್ಯ ಗಟ್ಟಿ ಎಂದು ಪರೀಕ್ಷೆ. ಆ ‘ಪ್ರೂಫ್’ ಮಟ್ಟಕ್ಕೆ ನಂತರ ನಿಗದಿಯಾದ ಲೆಕ್ಕ ಶೇ. 57.1. ಅದರ ಮುಕ್ಕಾಲು ಪಾಲು 42.8. ಬ್ರಿಟಿಷರು ಹೋದರು, ಕೋವಿಮದ್ದಿನ ಮುಕ್ಕಾಲು ಪಾಲು ನಮ್ಮ ಬಾಟಲಿಗಳಲ್ಲಿ ಉಳಿಯಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನೆನೆಹಾಕುವುದು ಬೇರೆ, ಭಟ್ಟಿ ಇಳಿಸುವುದು ಬೇರೆ. ಮನೆಯಲ್ಲಿ ಭಟ್ಟಿ ಇಳಿಸುವುದು ಕಾನೂನಿಗೆ ವಿರುದ್ಧ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇಂಥ ಸಾವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಮೆಥನಾಲ್, ಎಥನಾಲಿಗಿಂತ ಒಂದೇ ಇಂಗಾಲ ಕಡಿಮೆಯಿರುವ ತಮ್ಮ. ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿಸುತ್ತದೆ, ಆ ಆಮ್ಲ ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಪ್ರಾಣ. ಜಾಡಿಗೆ ಹಾಕುವ ವಿಸ್ಕಿ ಲೈಸೆನ್ಸ್ ಇರುವ ಅಂಗಡಿಯದೇ ಆಗಿರಬೇಕು. ಬೇಗ ಆಗಲಿ ಎಂದು ಒಲೆಯ ಮೇಲಿಟ್ಟು ಬಿಸಿ ಮಾಡುವುದೂ ಬೇಡ. ಶೇ. 40ರ ಮದ್ಯದಿಂದ ಏಳುವ ಆವಿ 26 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ; ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನವೇ ಅದಕ್ಕೆ ಸಾಕಷ್ಟು ಬಿಸಿ.

ಅವಸರಕ್ಕೆ ಬೇರೆ ಉಪಾಯವಿದೆ, ಚಾಕು. ಅಣುಗಳು ಗಿಜಿಗುಡುವ ಕಡೆಯಿಂದ ಖಾಲಿ ಕಡೆಗೆ ಹರಡುವ ಬಗೆಗೆ ಜರ್ಮನಿಯ ಅಡಾಲ್ಫ್ ಫಿಕ್ 1855ರಲ್ಲಿ ಒಂದು ನಿಯಮ ಕೊಟ್ಟ. ಅದರ ಲೆಕ್ಕದಲ್ಲಿ ಹರಡಲು ಬೇಕಾದ ಹೊತ್ತು ದೂರದ ವರ್ಗದಂತೆ ಬೆಳೆಯುತ್ತದೆ. ಹೋಳಿನ ದಪ್ಪ ಅರ್ಧವಾದರೆ ಹೊತ್ತು ಕಾಲು ಭಾಗಕ್ಕಿಳಿಯುತ್ತದೆ. ಎರಡು ಸೆಂಟಿಮೀಟರ್ ದಪ್ಪದ ಹೋಳಿಗೆ ನಾಲ್ಕು ದಿನ ಬೇಕಾದರೆ ಒಂದು ಸೆಂಟಿಮೀಟರಿನದಕ್ಕೆ ಒಂದೇ ದಿನ. ಹಾಗೆಂದು ಮಿಕ್ಸಿಗೆ ಹಾಕಿದರೆ ಸೋಸಲು ಹೆಣಗಬೇಕು. ಹಣ್ಣನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿ ಇಡುವುದು ಇನ್ನೊಂದು ಉಪಾಯ. ಕೋಶಗಳ ಒಳಗಿನ ನೀರು ಹರಳಾಗಿ ಗೋಡೆಗಳನ್ನು ಸೀಳುತ್ತದೆ, ಕರಗಿದಾಗ ರಸ ತಾನಾಗಿ ಒಸರುತ್ತದೆ.

ಅನಾನಸನ್ನೇ ಏಕೆ ಆರಿಸಿದೆ ಎಂದರೆ ಅದು ವಿಸ್ಕಿಗೆ ಹೊರಗಿನದಲ್ಲ. ಧಾನ್ಯದ ರಸ ಹುದುಗಿಸುವಾಗ ಯೀಸ್ಟ್ ತಾನೇ ಒಂದಿಷ್ಟು ಎಸ್ಟರುಗಳನ್ನು ಮಾಡುತ್ತದೆ, ಅವುಗಳಲ್ಲೊಂದು ಈಥೈಲ್ ಹೆಕ್ಸನೋಯೇಟ್. ಅದೇ ಅಣು ಅನಾನಸಿನಲ್ಲೂ ಇದೆ. ಬಾಳೆಹಣ್ಣಿನ ವಾಸನೆಯ ಐಸೊಅಮೈಲ್ ಅಸಿಟೇಟ್ ಕೂಡ ವಿಸ್ಕಿಯಲ್ಲಿ ಸಿಗುತ್ತದೆ. ಬನವಾಸಿ ಕಡೆಯ ಅನಾನಸ್ ಜಾಡಿಗೆ ಇಳಿದಾಗ ಅಲ್ಲಿ ಅದರ ಬಂಧುಗಳು ಮೊದಲೇ ಕೂತಿರುತ್ತಾರೆ.

ಈಗ ಜಾಡಿಯ ಲೆಕ್ಕ. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕಾದದ್ದು ಇದೊಂದೇ. 500 ಮಿಲಿಲೀಟರ್ ವಿಸ್ಕಿಯಲ್ಲಿ ಮದ್ಯಸಾರ 214 ಮಿಲಿಲೀಟರ್. ಅನಾನಸಿನಲ್ಲಿ ಶೇ. 86ರಷ್ಟು ನೀರೇ, ಅಂದರೆ 300 ಗ್ರಾಂ ಹಣ್ಣು ತನ್ನ ಜೊತೆಗೆ ಸುಮಾರು 258 ಮಿಲಿಲೀಟರ್ ನೀರು ತರುತ್ತದೆ. ಹಣ್ಣಿನ ನೀರು ಹೊರಗೆ, ಮದ್ಯ ಒಳಗೆ ಹರಡಿ ಎರಡೂ ಕಡೆ ಸಮವಾದಾಗ ಒಟ್ಟು ದ್ರವ 758, ಅದರಲ್ಲಿ ಮದ್ಯಸಾರ 214. ಶೇ. 28. ಲೆಕ್ಕ ಸ್ಥೂಲವಾದದ್ದು, ಏಕೆಂದರೆ ನೀರು ಮತ್ತು ಮದ್ಯಸಾರದ ಅಣುಗಳು ಎಷ್ಟು ಒತ್ತಾಗಿ ಕೂರುತ್ತವೆಂದರೆ 50ಕ್ಕೆ 50 ಬೆರೆಸಿದರೆ 100 ಆಗುವುದಿಲ್ಲ, ಸುಮಾರು 97ಕ್ಕೇ ನಿಲ್ಲುತ್ತದೆ. ಆದರೂ ಅಂದಾಜಿಗೆ ಅಡ್ಡಿಯಿಲ್ಲ.

ಹಣ್ಣು ದುಪ್ಪಟ್ಟು ಮಾಡಿ, 600 ಗ್ರಾಂ ತುಂಬಿದರೆ? ಶೇ. 21ಕ್ಕೆ ಇಳಿಯುತ್ತದೆ. ಇಲ್ಲಿಂದ ಕೆಳಗೆ ಜಾಡಿಯ ಸ್ವಭಾವ ಬದಲಾಗುವ ಭಯ. ಹಣ್ಣಿನ ಮೈಮೇಲಿನ ಯೀಸ್ಟಿಗೆ ಶೇ. 15ರಿಂದ 18ರವರೆಗೂ ತಡೆದುಕೊಳ್ಳುವ ಗಟ್ಟಿತನ ಇರಬಹುದು. ಸಕ್ಕರೆ ಎದುರಿಗಿದ್ದರೆ ಅದು ಹುದುಗಿಸಲು ಶುರುಮಾಡುತ್ತದೆ, ಮುಚ್ಚಿದ ಜಾಡಿಯಲ್ಲಿ ಗಾಳಿಯ ಒತ್ತಡ ಏರುತ್ತದೆ. ಜಪಾನಿನಲ್ಲಿ ಪ್ರತಿ ಜೂನಿನಲ್ಲಿ ಮನೆಮನೆಗಳಲ್ಲಿ ಹಸಿ ಉಮೆ ಕಾಯಿಯನ್ನು ಕಲ್ಲುಸಕ್ಕರೆಯ ಜೊತೆ ಶೇ. 35ರ ಮದ್ಯದಲ್ಲಿ ನೆನೆಹಾಕಿ ಉಮೆಶು ಮಾಡುತ್ತಾರೆ, ಮಾವಿನಮಿಡಿ ಕಾಲದಲ್ಲಿ ನಮ್ಮ ಮಲೆನಾಡು ಉಪ್ಪಿನಕಾಯಿಗೆ ಕೂರುವಂತೆ. ಅಲ್ಲಿನ ಮದ್ಯತೆರಿಗೆ ಕಾನೂನು ಮನೆಬಳಕೆಗೆ ಇದನ್ನು ಬಿಟ್ಟುಕೊಟ್ಟಿದೆ, ಒಂದು ಷರತ್ತಿನ ಮೇಲೆ: ನೆನೆಹಾಕುವ ಮದ್ಯ ಶೇ. 20ಕ್ಕಿಂತ ಕಡಿಮೆಯಿರಕೂಡದು. ದ್ರಾಕ್ಷಿ ನೆನೆಹಾಕುವುದನ್ನೂ ಕಾನೂನು ತಡೆಯುತ್ತದೆ. ತೆರಿಗೆಯವರ ಚಿಂತೆಯೂ ಯೀಸ್ಟೇ. ಮನೆಯಲ್ಲಿ ಹೊಸದಾಗಿ ಮದ್ಯ ಹುಟ್ಟಬಾರದು.

ಉಪ್ಪಿನಕಾಯಿಯ ಶಿಸ್ತೆಲ್ಲ ಇಲ್ಲಿಗೂ ಸಲ್ಲುತ್ತದೆ. ಒದ್ದೆ ಸೌಟು ತಾಗಿಸಬಾರದು, ಹಣ್ಣು ದ್ರವದಿಂದ ಮೇಲೆ ತೇಲಬಾರದು. ತಲೆ ಎತ್ತಿದ ಹೋಳು ಮೊದಲು ಕಪ್ಪಾಗುತ್ತದೆ, ಆಮೇಲೆ ಬೂಷ್ಟು.

ಕಿತ್ತಳೆಯಲ್ಲಿ ನಾನು ಮೊದಲ ಸಲ ಎಡವಿದೆ. ಸಿಪ್ಪೆಯನ್ನು ಹಾಗೇ ಸುಲಿದು, ಒಳಗಿನ ಬಿಳಿ ನಾರಿನ ಸಮೇತ ಎರಡು ವಾರ ಬಿಟ್ಟಿದ್ದೆ. ಹಾಗಲಕಾಯಿ ಪಲ್ಯ ಇಷ್ಟಪಡುವ ನನ್ನ ಭಾವಮೈದುನ ಕೂಡ ಎರಡನೇ ಗುಟುಕಿಗೆ ಲೋಟ ಕೆಳಗಿಟ್ಟ. ಪರಿಮಳದ ಎಣ್ಣೆ ಇರುವುದು ಹೊರಗಿನ ಬಣ್ಣದ ಪದರದ ಪುಟ್ಟ ಗ್ರಂಥಿಗಳಲ್ಲಿ. ತೆಳುವಾಗಿ ಹೆರೆದು ಹಾಕಿದರೆ ಅದು ಒಂದು ದಿನದೊಳಗೆ ಮದ್ಯಕ್ಕೆ ಬಂದುಬಿಡುತ್ತದೆ. ಬಿಳಿ ಪದರದ ಕಹಿ ನಿಧಾನಕ್ಕೆ ಹೊರಡುವ ಸ್ವಭಾವದ್ದು. ಹೆಚ್ಚು ದಿನ ಇಟ್ಟರೆ ಹೆಚ್ಚು ಪರಿಮಳ ಎಂಬ ನನ್ನ ತರ್ಕ ಬುಡದಲ್ಲೇ ತಪ್ಪು. ಪರಿಮಳ ಮೊದಲ ದಿನವೇ ಮುಗಿದಿತ್ತು, ಉಳಿದ ಹದಿಮೂರು ದಿನ ನಾನು ಕಹಿಯನ್ನು ಹಿಂಡುತ್ತ ಕೂತಿದ್ದೆ. ಈಗ ಸಿಪ್ಪೆಯನ್ನು ನಾಲ್ಕನೇ ದಿನವಲ್ಲ, ಮರುದಿನವೇ ಎತ್ತಿಬಿಡುತ್ತೇನೆ.

ನೇರಳೆಯನ್ನೂ ಹಾಕಿ ನೋಡಿದೆ. ಬಣ್ಣ ಅದ್ಭುತ, ರುಚಿ ಒಗರು. ಒಗರು ಅನ್ನುವುದು ನಾಲಿಗೆಯ ರುಚಿಯಲ್ಲ, ಚರ್ಮದ ಅನುಭವ. ಹಣ್ಣಿನ ಟ್ಯಾನಿನ್ ಎಂಜಲಿನ ಪ್ರೋಟೀನುಗಳನ್ನು ಹಿಡಿದು ಗಂಟು ಕಟ್ಟುತ್ತದೆ, ಬಾಯಿಯ ಜಾರು ಹೋಗಿ ಒಣಗಿದಂತಾಗುತ್ತದೆ. ಓಕ್ ಮರದಿಂದ ಬಂದ ಟ್ಯಾನಿನ್ ವಿಸ್ಕಿಯಲ್ಲಿ ಮೊದಲೇ ಇರುವಾಗ ನೇರಳೆಯದೂ ಸೇರಿದರೆ ಒಗರಿನ ಮೇಲೆ ಒಗರು.

ನಾಲ್ಕನೇ ದಿನ ಸೋಸಿದ ವಿಸ್ಕಿಯಿಂದ ಲೋಟಕ್ಕೆ ಬರೋಣ. 60 ಮಿಲಿಲೀಟರ್ ಇದು, 20 ನಿಂಬೆರಸ, 20 ಸಕ್ಕರೆ ಪಾಕ, ಒಂದು ಹಿಡಿ ಐಸ್. ಶೇಕರ್ ಇಲ್ಲದ ಮನೆಯಲ್ಲಿ ಬಿಗಿ ಮುಚ್ಚಳದ ಹಾರ್ಲಿಕ್ಸ್ ಬಾಟಲಿ ಇದ್ದೇ ಇರುತ್ತದೆ. ಹನ್ನೆರಡು ಸೆಕೆಂಡು ಜೋರಾಗಿ ಕುಲುಕಬೇಕು. ಥರ್ಮಾಮೀಟರ್ ಇಟ್ಟು ನೋಡಿದರೆ ಪಾನೀಯ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ಹೋಗಿರುತ್ತದೆ. ಸೊನ್ನೆ ಡಿಗ್ರಿಯ ಐಸ್ ತನಗಿಂತ ತಣ್ಣಗೆ ಮಾಡಿದ್ದು ಹೇಗೆ? ಕುಲ್ಫಿಯವನ ಮಡಕೆ ನೆನಪಿಸಿಕೊಳ್ಳಿ. ಅವನು ಐಸಿನ ಮೇಲೆ ಉಪ್ಪು ಸುರಿಯುತ್ತಾನೆ. ಉಪ್ಪು ಬೆರೆತ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟಲಾರದು, ಹಾಗಾಗಿ ಐಸ್ ಕರಗುತ್ತಲೇ ಹೋಗುತ್ತದೆ. ಕರಗುವ ಪ್ರತಿ ಗ್ರಾಂ ಐಸೂ ಸುತ್ತಲಿನಿಂದ 334 ಜೂಲ್ ಶಾಖ ಕಿತ್ತುಕೊಳ್ಳುತ್ತದೆ. ಇಲ್ಲಿ ಉಪ್ಪಿನ ಕೆಲಸ ಮಾಡುವುದು ಮದ್ಯಸಾರ ಮತ್ತು ಸಕ್ಕರೆ.

ಈ 100 ಮಿಲಿಲೀಟರನ್ನು ಅಷ್ಟು ತಣಿಸಲು ಸುಮಾರು 35 ಗ್ರಾಂ ಐಸ್ ಕರಗಬೇಕು. ಅಷ್ಟು ನೀರು ಸೇರಿತು ಎಂದು ಮರುಗಬೇಕಿಲ್ಲ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆ ಕಾಕ್‌ಟೇಲ್ ಎಂದರೇನು ಎಂದು ಓದುಗನಿಗೆ ಉತ್ತರಿಸುವಾಗ ನಾಲ್ಕು ಪದಾರ್ಥ ಪಟ್ಟಿ ಮಾಡಿತ್ತು: ಮದ್ಯ, ಸಕ್ಕರೆ, ನೀರು, ಕಹಿ ಮೂಲಿಕೆಯ ಬಿಟರ್ಸ್. ನೀರು ಅಂದಿನಿಂದಲೂ ಪಾಲುದಾರ. 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನಶಾಸ್ತ್ರಜ್ಞರು ಕಂಪ್ಯೂಟರಿನಲ್ಲಿ ಅಣುಗಳನ್ನು ಕುಣಿಸಿ ನೋಡಿದಾಗ, ಹೊಗೆವಾಸನೆಯ ಗ್ವಾಯಕಾಲ್ ಶೇ. 45ರವರೆಗಿನ ಮದ್ಯದಲ್ಲಿ ಮೇಲ್ಮೈಗೆ ಬಂದು ನಿಲ್ಲುತ್ತದೆ, ಶೇ. 59 ದಾಟಿದರೆ ಎಥನಾಲ್ ಅಣುಗಳ ನಡುವೆ ಒಳಗೆ ಅಡಗುತ್ತದೆ ಎಂದು ಕಂಡಿತು. ನೀರು ಹೆಚ್ಚಿದ ಹಾಗೆ ಪರಿಮಳ ಮೂಗಿನತ್ತ ಬರುವುದಕ್ಕೆ ಅವರು ಕೊಡುವ ಕಾರಣ ಇದು.

ನೀರಿನ ಇನ್ನೊಂದು ಆಟ ಕಣ್ಣಿಗೇ ಕಾಣುತ್ತದೆ. ಕಿತ್ತಳೆ ಎಣ್ಣೆ ಧಾರಾಳವಾಗಿದ್ದರೆ ತಿಳಿಯಾಗಿದ್ದ ವಿಸ್ಕಿ ಐಸ್‌ನೀರು ಬೆರೆತೊಡನೆ ಮಬ್ಬಾಗುತ್ತದೆ. ಮದ್ಯಸಾರ ತೆಳುವಾದಾಗ ಎಣ್ಣೆಯನ್ನು ಹಿಡಿದಿದ್ದ ಕೈ ಸಡಿಲ. ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬೇರೆಯಾಗುತ್ತದೆ, ಹನಿಗಳು ಬೆಳಕನ್ನು ಚದುರಿಸುತ್ತವೆ. ಸ್ನಾನದ ಬಕೆಟ್ಟಿಗೆ ಡೆಟಾಲ್ ಹಾಕಿದಾಗ ಹಾಲಿನಂತೆ ಹರಡುವುದೂ ಇದೇ ಜಾತಿಯ ವಿದ್ಯಮಾನ.

ತಣ್ಣಗಾದ ಮೇಲೆ ಗಂಟಲಿನ ಉರಿ ಏಕೆ ಇಳಿಯುತ್ತದೆ? ನಮ್ಮ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಅದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಸುಮಾರು 42 ಡಿಗ್ರಿ ಮೀರಿದ ಬಿಸಿಗೆ ತೆರೆದುಕೊಳ್ಳುವ ಬಾಗಿಲು ಅದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತಟ್ಟಿ ಬಾಯಿಗೆ ಬೆಂಕಿ ಬಿದ್ದಿದೆ ಎಂದು ಮಿದುಳಿಗೆ ಸುಳ್ಳು ಹೇಳುತ್ತದೆ. ಎಥನಾಲ್ ಇನ್ನೂ ಚಾಲಾಕು. ಅದು ಬಾಗಿಲು ತೆರೆಯುವ ಮಟ್ಟವನ್ನೇ 34 ಡಿಗ್ರಿಯ ಹತ್ತಿರಕ್ಕೆ ಇಳಿಸುತ್ತದೆ. ಆಗ ನಮ್ಮ ಮೈಯ ಸ್ವಂತ ಬಿಸಿಯೇ ನಮಗೆ ಉರಿ. ಪಾನೀಯ ತಣ್ಣಗಿದ್ದು ಮದ್ಯದ ಪ್ರಮಾಣವೂ ತೆಳುವಾದರೆ ಬಾಗಿಲು ಅಷ್ಟು ಸುಲಭಕ್ಕೆ ತೆರೆಯದು.

ಹಾಗಾಗಿ ಇದು ಸರಾಗವಾಗಿ ಇಳಿಯುತ್ತದೆ, ಅಪಾಯವೂ ಅಲ್ಲೇ. ಲೋಟದಲ್ಲೀಗ ಮದ್ಯ ಶೇ. 12 ಅಥವಾ 13, ವೈನಿನಷ್ಟು. ಮೂಲ ವಿಸ್ಕಿಯ ಲೆಕ್ಕದಲ್ಲಿ 40 ಮಿಲಿಲೀಟರ್. ಅದು ಮೂರಾದರೆ ಒಂದು ನೈಂಟಿ ದಾಟಿದಿರಿ. ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹಣ್ಣು ಬೆರೆತ ಮಾತ್ರಕ್ಕೆ ಆ ಗುಂಪಿನಿಂದ ಬಿಡುಗಡೆಯಿಲ್ಲ.

ಸೋಸಿದ ಮೇಲೆ ಉಳಿದ ಹೋಳುಗಳ ಲೆಕ್ಕ ಬಹಳ ಜನಕ್ಕೆ ಹೊಳೆಯುವುದಿಲ್ಲ. ಒಳಗೂ ಹೊರಗೂ ಸಮವಾಗಿದ್ದರೆ ಹೋಳಿನೊಳಗಿನ ರಸವೂ ಶೇ. 28. ನೂರು ಗ್ರಾಂ ಹೋಳಿನಲ್ಲಿ ಸುಮಾರು 24 ಮಿಲಿಲೀಟರ್ ಮದ್ಯಸಾರ, ಅಂದರೆ ಹೆಚ್ಚುಕಡಿಮೆ ಒಂದು ಲಾರ್ಜ್ ಪೆಗ್. ನೋಡಲು ಬರೀ ಅನಾನಸ್. ಮಕ್ಕಳಿರುವ ಮನೆಯಲ್ಲಿ ಡಬ್ಬಿಯ ಮೇಲೆ ಚೀಟಿ ಅಂಟಿಸಬೇಕು, ಎಟುಕದ ಕಡೆ ಇಡಬೇಕು.

ನಾನು ಚೀಟಿ ಅಂಟಿಸಿರಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಿಲ್ಲ, ಆದರೆ ಆ ಭಾನುವಾರ ಅತ್ತೆ ಬಂದಿದ್ದರು, ಅನಾನಸ್ ಕೇಸರಿಬಾತ್ ಮಾಡುವ ಹುರುಪಿನಲ್ಲಿ. ರವೆ ಹುರಿದ ಘಮ ಹಜಾರಕ್ಕೆ ಬಂದಾಗ ನನಗೆ ಡಬ್ಬಿಯ ನೆನಪಾಯಿತು. ಜೊತೆಗೆ ಅಮೆರಿಕದ ಕೃಷಿ ಇಲಾಖೆಯ ಒಂದು ಕೋಷ್ಟಕವೂ: ಅಡುಗೆಗೆ ಬೆರೆತ ಮದ್ಯ 15 ನಿಮಿಷ ಕುದಿದ ಮೇಲೂ ಶೇ. 40ರಷ್ಟು ಉಳಿದಿರುತ್ತದೆ. ನಾನು ಅಡುಗೆಮನೆಗೆ ಓಡುವಷ್ಟರಲ್ಲಿ ಅತ್ತೆ ಮುಚ್ಚಳ ತೆಗೆದು ಮೂಸಿ ಮುಖ ಹಿಂಡಿದ್ದರು. “ಇದು ಹುಳಿತುಹೋಗಿದೆ ಕಣೇ, ಎಷ್ಟು ದಿನ ಅಂತ ಇಟ್ಕೋತೀರಾ?” ಎಂದು ಮಗಳನ್ನು ಗದರಿ, ಪೂರ್ತಿ ಡಬ್ಬಿಯನ್ನು ಹಸಿಕಸದ ಬುಟ್ಟಿಗೆ ಬಗ್ಗಿಸಿದರು. ಹೆಂಡತಿ ನನ್ನ ಮುಖ ನೋಡಿದಳು. ಆ ಫ್ರಿಜ್ಜಿನಲ್ಲಿ ಹುಳಿಯಲು ಸಾಧ್ಯವೇ ಇಲ್ಲದಿದ್ದ ಹಣ್ಣು ಅದೊಂದೇ ಎಂದು ಹೇಳಲು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡೆ.